ಯು-ಬೂಟ್‌ನಲ್ಲಿ ಬೂಟ್ ಸೆಟ್ಟಿಂಗ್ ಮತ್ತು ಅದರ ದಾಖಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯು-ಬೂಟ್ ಒಂದು ಬೂಟ್‌ಲೋಡರ್: ಬೋರ್ಡ್ ಏಳುವಾಗ ಲಿನಕ್ಸ್ ಕರ್ನೆಲನ್ನು ಮೆಮೊರಿಗೆ ತಂದು ಓಡಿಸುವ ಪ್ರೋಗ್ರಾಮ್. ಎಂಬೆಡೆಡ್ ಬೋರ್ಡ್‌ಗಳಲ್ಲಿ ಅದನ್ನು ಬಳಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಅರ್ಧ ಸೆಟ್ಟಿಂಗ್ ಬಗ್ಗೆ, ಇನ್ನರ್ಧ ಆ ಸೆಟ್ಟಿಂಗನ್ನು ಬರೆದಿಡುವ ಬಗ್ಗೆ. ಇವೆರಡನ್ನೂ ಬೇರೆ ಬೇರೆ ಕೆಲಸ ಅಂದುಕೊಂಡರೆ ತೊಂದರೆ ಶುರುವಾಗುತ್ತದೆ. ಆಜ್ಞೆ ಮತ್ತು ವೇರಿಯಬಲ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದೆ. ಕನ್ಸೋಲ್‌ನಲ್ಲಿ ಮಾತ್ರ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಬೋರ್ಡ್‌ಗೆ ಕರೆಂಟ್ ಕೊಟ್ಟ ಮೇಲೆ ಯು-ಬೂಟ್ ಸರದಿ ಯಾವಾಗ ಬರುತ್ತದೆ?

ಮೊದಲು ಓಡುವುದು ಚಿಪ್ ತಯಾರಿಸಿದವರು ಒಳಗೇ ಬರೆದಿಟ್ಟ, ನಾವು ಬದಲಿಸಲಾಗದ ಸಣ್ಣ ಕೋಡ್. ಅದು ಎಸ್‌ಪಿಎಲ್ ಎಂಬ ಪುಟ್ಟ ಪ್ರೋಗ್ರಾಮನ್ನು ಚಿಪ್‌ನ ಒಳಗಿನ ಮೆಮೊರಿಗೆ ತರುತ್ತದೆ. ಎಸ್‌ಪಿಎಲ್ ಹೊರಗಿನ ಡಿರ್ಯಾಮ್ ಅನ್ನು ಸಿದ್ಧಮಾಡಿ, ಪೂರ್ಣ ಯು-ಬೂಟನ್ನು ಅಲ್ಲಿಗೆ ತಂದು ಓಡಿಸುತ್ತದೆ. ನೀವು ಬರೆಯುವ ಬೂಟ್‌ಸಿಎಂಡಿ (ತಾನಾಗಿ ಓಡುವ ಬೂಟ್ ಆಜ್ಞೆಗಳು), ಬೂಟ್‌ಡಿಲೇ (ಅದಕ್ಕೆ ಮೊದಲು ಕಾಯುವ ಹೊತ್ತು) ಎಲ್ಲ ಸಾಮಾನ್ಯವಾಗಿ ಕೆಲಸಕ್ಕೆ ಬರುವುದು ಈ ಕೊನೆಯ ಹಂತದಲ್ಲಿ. ಹಾಗಾಗಿ ಸೀರಿಯಲ್ ಕನ್ಸೋಲ್‌ನಲ್ಲಿ ಒಂದು ಅಕ್ಷರವೂ ಬರುತ್ತಿಲ್ಲ ಎಂದರೆ ಬೂಟ್‌ಸಿಎಂಡಿಯನ್ನು ತಿದ್ದುತ್ತಾ ಕೂರಬೇಡಿ. ದೋಷ ಅದಕ್ಕಿಂತ ಮೊದಲೇ ಇದೆ.

ಸೆಟ್ಟಿಂಗ್ ನಿಜವಾಗಿ ಎಲ್ಲಿರುತ್ತದೆ?

ಒಂದೇ ಜಾಗದಲ್ಲಿ ಇರುವುದಿಲ್ಲ. ಗೊಂದಲಕ್ಕೆ ಮುಖ್ಯ ಕಾರಣವೇ ಇದು.

ಮೊದಲನೆಯದು ಬಿಲ್ಡ್ ಮಾಡುವಾಗ ಸೇರುವ ಸೆಟ್ಟಿಂಗ್. ಯಾವ ಡ್ರೈವರ್ ಬೇಕು, ಯಾವ ಆಜ್ಞೆ ಬೇಕು, ಎನ್ವಿರಾನ್ಮೆಂಟ್ (ಯು-ಬೂಟ್ ವೇರಿಯಬಲ್‌ಗಳ ಗುಂಪು) ಎಲ್ಲಿ ಉಳಿಯಬೇಕು ಎನ್ನುವುದೆಲ್ಲ ಇಲ್ಲಿ ತೀರ್ಮಾನವಾಗುತ್ತದೆ. ಇದನ್ನು ಕೆಕಾನ್ಫಿಗ್ ಎಂಬ ಆಯ್ಕೆಗಳ ವ್ಯವಸ್ಥೆ ನೋಡಿಕೊಳ್ಳುತ್ತದೆ. ಬೋರ್ಡ್‌ಗೊಂದು ಡೆಫ್‌ಕಾನ್ಫಿಗ್ ಫೈಲು 'ಕಾನ್ಫಿಗ್ಸ್' ಫೋಲ್ಡರ್‌ನಲ್ಲಿ ಇರುತ್ತದೆ.

ಎರಡನೆಯದು ಡೀಫಾಲ್ಟ್ ಎನ್ವಿರಾನ್ಮೆಂಟ್. ಇದೂ ಬಿಲ್ಡ್ ಜೊತೆಗೇ ಬೈನರಿಯೊಳಗೆ ಸೇರುತ್ತದೆ, ಆದರೆ ಇದರಲ್ಲಿರುವುದು ವೇರಿಯಬಲ್‌ಗಳು: ಬೂಟ್‌ಸಿಎಂಡಿ, ಬೂಟ್‌ಆರ್ಗ್ಸ್ (ಕರ್ನೆಲ್‌ಗೆ ಕೊಡುವ ಸಾಲು) ಮುಂತಾದವು.

ಮೂರನೆಯದು ಉಳಿಸಿದ ಎನ್ವಿರಾನ್ಮೆಂಟ್. ಸೇವ್‌ಎನ್ವ್ ಆಜ್ಞೆ ಕೊಟ್ಟಾಗ ಇಎಂಎಂಸಿ, ಎಸ್‌ಪಿಐ ಫ್ಲ್ಯಾಶ್, ನ್ಯಾಂಡ್ ಅಥವಾ ಫ್ಯಾಟ್ ಪಾರ್ಟಿಷನ್‌ನಲ್ಲಿ ಕೂರುವುದು ಇದು.

ನಾಲ್ಕನೆಯದು ಯು-ಬೂಟ್‌ನ ಹೊರಗಿರುವ ಫೈಲುಗಳು: ಎಕ್ಸ್‌ಟ್‌ಲಿನಕ್ಸ್.ಕಾನ್ಫ್ (ಬೂಟ್ ಆಯ್ಕೆಗಳ ಪಟ್ಟಿ), ಬೂಟ್.ಎಸ್‌ಸಿಆರ್ (ಯು-ಬೂಟ್ ಆಜ್ಞೆಗಳ ಸ್ಕ್ರಿಪ್ಟ್), ಡಿವೈಸ್ ಟ್ರೀ (ಬೋರ್ಡ್‌ನ ಹಾರ್ಡ್‌ವೇರ್ ವಿವರ). ಇವೂ ಬೂಟ್ ದಾರಿಯನ್ನು ಬದಲಿಸುತ್ತವೆ.

ಒಂದು ಸೆಟ್ಟಿಂಗ್ ಬಗ್ಗೆ ಬರೆಯುವಾಗ ಅದು ಈ ನಾಲ್ಕರಲ್ಲಿ ಯಾವುದರದ್ದು ಎಂದು ಮೊದಲ ಸಾಲಲ್ಲೇ ಹೇಳಿ. ಇಷ್ಟು ಮಾಡಿದರೂ ಓದುವವರ ಅರ್ಧ ಗಂಟೆ ಉಳಿಯುತ್ತದೆ.

ಸೋರ್ಸ್‌ನಲ್ಲಿ ಬೂಟ್‌ಸಿಎಂಡಿ ಬದಲಿಸಿ, ಹೊಸ ಇಮೇಜ್ ಹಾಕಿದೆ. ಆದರೂ ಹಳೆಯದೇ ಓಡುತ್ತಿದೆ. ಯಾಕೆ?

ಉಳಿಸಿದ ಎನ್ವಿರಾನ್ಮೆಂಟ್ ಸರಿಯಾಗಿದ್ದರೆ ಯು-ಬೂಟ್ ಅದನ್ನೇ ತೆಗೆದುಕೊಳ್ಳುತ್ತದೆ, ಬೈನರಿಯೊಳಗಿನ ಡೀಫಾಲ್ಟ್ ಕಡೆ ನೋಡುವುದಿಲ್ಲ. ಹೊಸ ಇಮೇಜ್ ಬರೆದಾಗ ಎನ್ವಿರಾನ್ಮೆಂಟ್ ಇರುವ ಜಾಗ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ನೀವು ಹೊಸ ಡೀಫಾಲ್ಟ್ ಹಾಕಿದ್ದೀರಿ ನಿಜ, ಅದನ್ನು ಕೇಳುವವರು ಯಾರೂ ಇಲ್ಲ ಅಷ್ಟೇ.

'ಎನ್ವ್ ಡೀಫಾಲ್ಟ್ ಬೂಟ್‌ಸಿಎಂಡಿ' ಎಂದು ಕೊಟ್ಟರೆ ಆ ಒಂದು ವೇರಿಯಬಲ್ ಮಾತ್ರ ಡೀಫಾಲ್ಟ್‌ಗೆ ಮರಳುತ್ತದೆ. ಆಮೇಲೆ ಸೇವ್‌ಎನ್ವ್ ಕೊಡಿ. ಹೆಸರಿನ ಬದಲು '-ಎ' ಕೊಟ್ಟರೆ ಎಲ್ಲವೂ ಮರಳುತ್ತದೆ. ಇದನ್ನು ಸುಮ್ನೆ ಅಭ್ಯಾಸಬಲದಿಂದ ಮಾಡಬೇಡಿ. ಕೆಲವು ಬೋರ್ಡ್‌ಗಳಲ್ಲಿ ಈಥರ್ನೆಟ್ ವಿಳಾಸ ಇರುವುದು ಎನ್ವಿರಾನ್ಮೆಂಟ್‌ನಲ್ಲಿ ಮಾತ್ರ. ಮೊದಲು ಪ್ರಿಂಟ್‌ಎನ್ವ್ ಕೊಟ್ಟು ಎಲ್ಲವನ್ನೂ ಒಂದು ಫೈಲಿಗೆ ತೆಗೆದಿಟ್ಟುಕೊಳ್ಳಿ.

ಬೂಟ್‌ಡಿಲೇಗೆ ಯಾವ ಬೆಲೆ ಇಡಬೇಕು?

ಡೀಫಾಲ್ಟ್ 2 ಸೆಕೆಂಡ್. ಅಭಿವೃದ್ಧಿ ಮಾಡುವಾಗ 2 ಅಥವಾ 3 ಸಾಕು. 0 ಇಟ್ಟರೆ ಕಾಯುವುದಿಲ್ಲ, ಆದರೆ ಮೊದಲೇ ಕೀ ಒತ್ತಿ ಹಿಡಿದಿದ್ದರೆ ನಿಲ್ಲಿಸಬಹುದು. -1 ಇಟ್ಟರೆ ತಾನಾಗಿ ಬೂಟ್ ಆಗುವುದೇ ಇಲ್ಲ, ಪ್ರಾಂಪ್ಟ್‌ನಲ್ಲಿ ನಿಲ್ಲುತ್ತದೆ. -2 ಇಟ್ಟರೆ ಕಾಯುವುದೂ ಇಲ್ಲ, ಕೀ ಒತ್ತಿದ್ದೀರಾ ಎಂದು ನೋಡುವುದೂ ಇಲ್ಲ.

-1 ಮತ್ತು -2 ಅದಲುಬದಲಾದರೆ ದೊಡ್ಡ ಪಜೀತಿ. ಒಂದರಲ್ಲಿ ಬೋರ್ಡ್ ಗ್ರಾಹಕರ ಬಳಿ ಪ್ರಾಂಪ್ಟ್‌ನಲ್ಲೇ ನಿಂತುಬಿಡುತ್ತದೆ, ಇನ್ನೊಂದರಲ್ಲಿ ನಿಮಗೆ ಒಳಗೆ ಹೋಗುವ ದಾರಿ ಮುಚ್ಚುತ್ತದೆ. ದಾಖಲೆಯಲ್ಲಿ ಸಂಖ್ಯೆಯ ಪಕ್ಕ ಅದರ ಅರ್ಥವನ್ನೂ ಬರೆಯಿರಿ.

ಬೂಟ್‌ಸಿಎಂಡಿ ಮತ್ತು ಬೂಟ್‌ಆರ್ಗ್ಸ್ ನಡುವೆ ಏನು ವ್ಯತ್ಯಾಸ?

ಬೂಟ್‌ಸಿಎಂಡಿಯನ್ನು ಓಡಿಸುವುದು ಯು-ಬೂಟ್. ಬೂಟ್‌ಆರ್ಗ್ಸ್ ಅನ್ನು ಓದುವುದು ಲಿನಕ್ಸ್ ಕರ್ನೆಲ್. ಬೂಟ್‌ಆರ್ಗ್ಸ್‌ನಲ್ಲಿರುವ ಕನ್ಸೋಲ್, ರೂಟ್, ರೂಟ್‌ವೇಟ್ ಇವುಗಳ ಅರ್ಥವನ್ನು ಯು-ಬೂಟ್ ದಾಖಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವು ಕರ್ನೆಲ್ ಸೋರ್ಸ್‌ನ ಡಾಕ್ಯುಮೆಂಟೇಷನ್ ಫೋಲ್ಡರ್‌ನಲ್ಲಿ, ಕರ್ನೆಲ್ ಪ್ಯಾರಾಮೀಟರ್‌ಗಳ ಪಟ್ಟಿಯಲ್ಲಿ ಇವೆ.

ಸೆಟ್‌ಎನ್ವ್‌ನಲ್ಲಿ ಉದ್ದದ ಬೂಟ್‌ಸಿಎಂಡಿ ಬರೆದೆ. ಅರ್ಧ ಮಾತ್ರ ಉಳಿದಿದೆ, ಉಳಿದರ್ಧ ಆಗಲೇ ಓಡಿಬಿಟ್ಟಿತು!

ಉದ್ಧರಣ ಚಿಹ್ನೆ ಬಿಟ್ಟುಹೋಗಿದೆ. ಸೆಮಿಕೋಲನ್ ಕಂಡ ಕೂಡಲೇ ಯು-ಬೂಟ್ ಶೆಲ್ ಅಲ್ಲಿಗೆ ಒಂದು ಆಜ್ಞೆ ಮುಗಿಯಿತು ಎಂದು ತಿಳಿಯುತ್ತದೆ. ಇಡೀ ಬೆಲೆಯನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಿ.

ಜೋಡಿ ಚಿಹ್ನೆ ಯಾಕೆ ಬೇಡ? ಜೋಡಿ ಚಿಹ್ನೆಯೊಳಗಿರುವ ಡಾಲರ್ ವೇರಿಯಬಲ್‌ಗಳು ಸೆಟ್‌ಎನ್ವ್ ಕೊಟ್ಟ ಕ್ಷಣದಲ್ಲೇ ಬಿಡಿಸಿಕೊಂಡು, ಆಗಿನ ಬೆಲೆಯೇ ಗಟ್ಟಿಯಾಗಿ ಕೂರುತ್ತದೆ. ಒಂಟಿ ಚಿಹ್ನೆಯೊಳಗೆ ಇದ್ದರೆ ಬೂಟ್ ಆಗುವ ಹೊತ್ತಿಗೆ ಬಿಡಿಸಿಕೊಳ್ಳುತ್ತವೆ. ಬೂಟ್‌ಸಿಎಂಡಿಗೆ ಬೇಕಾಗಿರುವುದು ಹೆಚ್ಚಾಗಿ ಎರಡನೆಯದೇ ಅಲ್ವಾ?

ವಿಳಾಸ ಸರಿಯಾಗಿ ಕೊಟ್ಟಿದ್ದೇನೆ, ಆದರೂ ಬೇರೆಲ್ಲೋ ಲೋಡ್ ಆಗುತ್ತಿದೆ. ಏನು ನೋಡಬೇಕು?

ಯು-ಬೂಟ್ ಹೆಚ್ಚಿನ ಆಜ್ಞೆಗಳಲ್ಲಿ ಸಂಖ್ಯೆಯನ್ನು ಹೆಕ್ಸ್ (ಹದಿನಾರರ ಮಾನ) ಎಂದೇ ಓದುತ್ತದೆ, ಮುಂದೆ 0x ಗುರುತು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. 100 ಎಂದು ಬರೆದರೆ ಅದು 256. ಆದರೆ ಬೂಟ್‌ಡಿಲೇ, ಬಾಡ್‌ರೇಟ್, ಸ್ಲೀಪ್ ಇವು ದಶಮಾನದಲ್ಲೇ ಇವೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಬಲೆ ಇದೆ. ಪಾರ್ಟಿಷನ್ ಸಂಖ್ಯೆಯೂ ಹೆಕ್ಸ್. ಲೋಡ್ ಆಜ್ಞೆಯಲ್ಲಿ 0:10 ಎಂದರೆ ಯು-ಬೂಟ್ ಹುಡುಕುವುದು 16ನೇ ಪಾರ್ಟಿಷನ್. 10ನೆಯದು ಬೇಕಿದ್ದರೆ 0:ಎ ಎಂದು ಬರೆಯಬೇಕು. ಲಿನಕ್ಸ್‌ನಲ್ಲಿ ಅದೇ ಪಾರ್ಟಿಷನ್‌ನ ಹೆಸರಿನ ಕೊನೆಯಲ್ಲಿ 10 ಎಂದೇ ಇರುತ್ತದೆ. ಒಂಬತ್ತು ಪಾರ್ಟಿಷನ್ ಇರುವವರೆಗೆ ಯಾರಿಗೂ ಇದು ಗೊತ್ತಾಗುವುದಿಲ್ಲ, ಹತ್ತನೆಯದು ಸೇರಿದ ದಿನ ಕೈಕೊಡುತ್ತದೆ. ಪಾರ್ಟಿಷನ್ ಪಟ್ಟಿಯ ದಾಖಲೆಯಲ್ಲಿ ಎರಡೂ ರೂಪಗಳನ್ನು ಅಕ್ಕಪಕ್ಕ ಬರೆದಿಡಿ.

ಎಂಎಂಸಿ ಡಿವೈಸ್ ಸಂಖ್ಯೆಯ ಮೇಲೂ ಭರವಸೆ ಇಡಬೇಡಿ. ಯು-ಬೂಟ್‌ನ ಎಂಎಂಸಿ 0, ಲಿನಕ್ಸ್‌ನಲ್ಲಿ 1 ಆಗಿರಬಹುದು. ರೂಟ್ ಪಾರ್ಟಿಷನ್ನನ್ನು ಪಾರ್ಟ್‌ಯುಯುಐಡಿ (ಪಾರ್ಟಿಷನ್‌ಗೇ ಮೀಸಲಾದ ಗುರುತು) ಮೂಲಕ ಹೇಳುವುದು ಜಾಸ್ತಿ ಭದ್ರ. ಯು-ಬೂಟ್‌ನ 'ಪಾರ್ಟ್ ಯುಯುಐಡಿ' ಆಜ್ಞೆ ಆ ಬೆಲೆಯನ್ನು ನೇರವಾಗಿ ಒಂದು ವೇರಿಯಬಲ್‌ಗೆ ತುಂಬಿಕೊಡುತ್ತದೆ.

ಬೂಟ್‌ಆರ್ಗ್ಸ್ ಬದಲಿಸಿದ್ದೇನೆ, ಕರ್ನೆಲ್ ಕಿವಿಗೇ ಹಾಕಿಕೊಳ್ಳುತ್ತಿಲ್ಲ.

ಲಿನಕ್ಸ್ ಎದ್ದ ಮೇಲೆ ಪ್ರಾಕ್ ಫೋಲ್ಡರ್‌ನ 'ಸಿಎಂಡಿಲೈನ್' ಫೈಲು ನೋಡಿ. ಕರ್ನೆಲ್‌ಗೆ ಕೊನೆಗೆ ತಲುಪಿದ್ದೇನು ಎನ್ನುವುದು ಅಲ್ಲಿದೆ. ಅದು ನೀವು ಬರೆದದ್ದಕ್ಕಿಂತ ಬೇರೆ ಇದ್ದರೆ ಮೂರು ಕಡೆ ಹುಡುಕಿ. ಎಕ್ಸ್‌ಟ್‌ಲಿನಕ್ಸ್ ಫೈಲಿನ 'ಅಪೆಂಡ್' ಸಾಲು ಬೂಟ್‌ಆರ್ಗ್ಸ್ ಅನ್ನು ಅಳಿಸಿ ತನ್ನದನ್ನು ಹಾಕಿರಬಹುದು. ಬೂಟ್‌ಸಿಎಂಡಿಯ ಒಳಗೇ ಎಲ್ಲೋ ಇನ್ನೊಂದು ಸೆಟ್‌ಎನ್ವ್ ಇರಬಹುದು. ಅಥವಾ ಕರ್ನೆಲ್ ಬಿಲ್ಡ್ ಮಾಡುವಾಗಲೇ ತನ್ನೊಳಗಿನ ಸಾಲನ್ನು ಬಲವಂತವಾಗಿ ಬಳಸುವ ಆಯ್ಕೆ ಹಾಕಿರಬಹುದು. ಆಗ ಯು-ಬೂಟ್ ಏನು ಕೊಟ್ಟರೂ ನಡೆಯದು.

ಯು-ಬೂಟ್ ಈ ಸಾಲನ್ನು ಕರ್ನೆಲ್‌ಗೆ ಕೊಡುವುದು ಡಿವೈಸ್ ಟ್ರೀಯ 'ಚೋಸನ್' ಎಂಬ ನೋಡ್ ಮೂಲಕ. ಬೂಟ್‌ಆರ್ಗ್ಸ್ ಖಾಲಿ ಇದ್ದರೆ ಡಿವೈಸ್ ಟ್ರೀಯಲ್ಲಿ ಮೊದಲೇ ಬರೆದಿರುವ ಸಾಲು ಹಾಗೇ ಹೋಗುತ್ತದೆ. ನೀವೆಲ್ಲೂ ಬರೆಯದ ಪ್ಯಾರಾಮೀಟರ್ ಕಂಡರೆ ಅಲ್ಲಿಂದ ಬಂದಿರಬಹುದು.

"ಬ್ಯಾಡ್ ಸಿಆರ್‌ಸಿ, ಯೂಸಿಂಗ್ ಡೀಫಾಲ್ಟ್ ಎನ್ವಿರಾನ್ಮೆಂಟ್" ಎಂದು ಬರುತ್ತಿದೆ. ಹೆದರಬೇಕೆ?

ಹೊಸ ಬೋರ್ಡ್ ಆಗಿದ್ದರೆ ಬೇಡ. ಅಲ್ಲಿ ಇನ್ನೂ ಏನೂ ಬರೆದಿಲ್ಲ, ಆದ್ದರಿಂದ ಸಿಆರ್‌ಸಿ (ಬರಹ ಕೆಟ್ಟಿದೆಯೇ ಎಂದು ತಿಳಿಸುವ ತಾಳೆ ಸಂಖ್ಯೆ) ಹೊಂದುವುದಿಲ್ಲ. ಒಮ್ಮೆ ಸೇವ್‌ಎನ್ವ್ ಕೊಟ್ಟರೆ ಹೋಗುತ್ತದೆ.

ನಿನ್ನೆಯವರೆಗೆ ಬರದೆ ಇವತ್ತು ಬಂದಿದ್ದರೆ ಮಾತ್ರ ತಲೆಕೆಡಿಸಿಕೊಳ್ಳಿ. ಬರೆಯುವಾಗ ಕರೆಂಟ್ ಹೋಗಿರಬಹುದು. ಎನ್ವಿರಾನ್ಮೆಂಟ್ ಜಾಗ ಅಥವಾ ಗಾತ್ರವನ್ನು ಹೊಸ ಬಿಲ್ಡ್‌ನಲ್ಲಿ ಯಾರೋ ಬದಲಿಸಿರಬಹುದು. ಸಿಆರ್‌ಸಿಯನ್ನು ಇಡೀ ಗಾತ್ರಕ್ಕೆ ಲೆಕ್ಕ ಹಾಕುವುದರಿಂದ ಗಾತ್ರ ಬದಲಾದರೂ ಹೊಂದುವುದಿಲ್ಲ. ನಾನು ಮೊದಲು ನೋಡಿ ಎನ್ನುವ ಕಾರಣ ಬೇರೆ: ಯು-ಬೂಟ್ ಇಮೇಜ್ ಬೆಳೆದು ಬೆಳೆದು ಎನ್ವಿರಾನ್ಮೆಂಟ್ ಇರುವ ಜಾಗವನ್ನು ತುಳಿದಿರಬಹುದು. ಆಗ ಸೇವ್‌ಎನ್ವ್ ಕೊಟ್ಟರೆ ಯು-ಬೂಟ್ ತನ್ನದೇ ಬಾಲದ ಮೇಲೆ ಬರೆದುಕೊಳ್ಳುತ್ತದೆ, ಮುಂದಿನ ಸಲ ಬೋರ್ಡ್ ಏಳುವುದಿಲ್ಲ. ಆದ್ದರಿಂದ ಇಮೇಜ್ ಎಲ್ಲಿ ಶುರು, ಎಷ್ಟು ದೊಡ್ಡದು, ಎನ್ವಿರಾನ್ಮೆಂಟ್ ಎಲ್ಲಿ ಶುರು ಎನ್ನುವ ಫ್ಲ್ಯಾಶ್ ನಕ್ಷೆ ಬೋರ್ಡ್ ದಾಖಲೆಯಲ್ಲಿ ಇರಲೇಬೇಕು.

ಎನ್ವಿರಾನ್ಮೆಂಟ್‌ನ ಎರಡು ಪ್ರತಿ ಇಡುವುದು ಬೇಕೇ?

ಗ್ರಾಹಕರ ಕೈಗೆ ಹೋಗುವ ಯಾವುದೇ ಬೋರ್ಡ್‌ಗೆ, ಅದು ಎನ್ವಿರಾನ್ಮೆಂಟ್ ಬರೆಯುವುದಾದರೆ, ಬೇಕು. ಎರಡು ಪ್ರತಿ ಇದ್ದಾಗ ಯು-ಬೂಟ್ ಹಳೆಯ ಪ್ರತಿಯ ಮೇಲೆ ಬರೆಯುತ್ತದೆ, ಹೊಸದನ್ನು ಮುಟ್ಟುವುದಿಲ್ಲ. ಮಧ್ಯದಲ್ಲಿ ಕರೆಂಟ್ ಹೋದರೂ ಒಂದು ಪ್ರತಿ ಸರಿಯಾಗಿ ಉಳಿದಿರುತ್ತದೆ. ಯಾವುದು ಹೊಸದು ಎಂದು ತಿಳಿಯಲು ಸಿಆರ್‌ಸಿಯ 4 ಬೈಟ್ ಜೊತೆಗೆ 1 ಬೈಟಿನ ಗುರುತು ಇರುತ್ತದೆ. ಗಾತ್ರ 131072 ಬೈಟ್ ಇದ್ದರೆ ಪ್ರಿಂಟ್‌ಎನ್ವ್ ಕೊನೆಯಲ್ಲಿ ಒಂದು ಪ್ರತಿಗೆ 131068 ಎಂದೂ, ಎರಡು ಪ್ರತಿ ಇದ್ದರೆ 131067 ಎಂದೂ ತೋರಿಸುವುದು ಇದರಿಂದಲೇ.

ಫ್ಲ್ಯಾಶ್‌ನಲ್ಲಿ ಎರಡೂ ಪ್ರತಿ ಒಂದೇ ಅಳಿಸುವ ಬ್ಲಾಕ್‌ನಲ್ಲಿ ಬಿದ್ದರೆ ಪ್ರಯೋಜನವಿಲ್ಲ. ಅಳಿಸುವಾಗ ಎರಡೂ ಒಟ್ಟಿಗೆ ಹೋಗುತ್ತವೆ.

ಲಿನಕ್ಸ್ ಒಳಗಿಂದಲೇ ವೇರಿಯಬಲ್ ಬದಲಿಸಬಹುದೇ?

ಬದಲಿಸಬಹುದು. ಎಫ್‌ಡಬ್ಲ್ಯೂ_ಪ್ರಿಂಟ್‌ಎನ್ವ್ ಮತ್ತು ಎಫ್‌ಡಬ್ಲ್ಯೂ_ಸೆಟ್‌ಎನ್ವ್ ಇರುವುದು ಅದಕ್ಕೇ. ಎನ್ವಿರಾನ್ಮೆಂಟ್ ಎಲ್ಲಿದೆ ಎಂದು ಅವಕ್ಕೆ ಇಟಿಸಿ ಫೋಲ್ಡರ್‌ನ ಎಫ್‌ಡಬ್ಲ್ಯೂ_ಎನ್ವ್.ಕಾನ್ಫಿಗ್ ಫೈಲು ಹೇಳುತ್ತದೆ: ಡಿವೈಸ್ ಹೆಸರು, ಆಫ್‌ಸೆಟ್, ಗಾತ್ರ. ಈ ಸಂಖ್ಯೆಗಳು ಯು-ಬೂಟ್ ಬಿಲ್ಡ್‌ನಲ್ಲಿರುವ ಸಂಖ್ಯೆಗಳಿಗೆ ಸರಿಯಾಗಿ ಹೊಂದಬೇಕು. ಎಫ್‌ಡಬ್ಲ್ಯೂ_ಪ್ರಿಂಟ್‌ಎನ್ವ್ ಸಿಆರ್‌ಸಿ ಅಥವಾ ಡೀಫಾಲ್ಟ್ ಬಗ್ಗೆ ಎಚ್ಚರಿಕೆ ಕೊಟ್ಟರೆ ಅಲ್ಲೇ ನಿಲ್ಲಿಸಿ. ಆ ಸ್ಥಿತಿಯಲ್ಲಿ ಎಫ್‌ಡಬ್ಲ್ಯೂ_ಸೆಟ್‌ಎನ್ವ್ ಕೊಟ್ಟರೆ ತಪ್ಪು ಜಾಗದಲ್ಲಿ ಬರೆಯುವ ಅಪಾಯವಿದೆ.

ಒಂದೇ ಮಾಹಿತಿ ಎರಡು ಕಡೆ ಇರುವುದರಿಂದ ಇದು ತಪ್ಪುವುದು ಸಹಜ. ಆಫ್‌ಸೆಟ್ ಬದಲಿಸುವವರಿಗೆ ಇನ್ನೊಂದು ಫೈಲು ನೆನಪಾಗುವಂತೆ, ಎರಡರಲ್ಲೂ ಒಂದರ ಬಗ್ಗೆ ಇನ್ನೊಂದರಲ್ಲಿ ಟಿಪ್ಪಣಿ ಇರಲಿ.

ಬೂಟ್‌ಸಿಎಂಡಿಯನ್ನು ನಾನೇ ಬರೆಯಬೇಕೇ, ಸ್ಟ್ಯಾಂಡರ್ಡ್ ಬೂಟ್ ಬಳಸಬೇಕೇ?

ಸಾಮಾನ್ಯ ಲಿನಕ್ಸ್ ವಿತರಣೆ ಓಡಿಸುವುದಾದರೆ ಸ್ಟ್ಯಾಂಡರ್ಡ್ ಬೂಟ್ ಸಾಕು. 2022ರಲ್ಲಿ ಯು-ಬೂಟ್‌ಗೆ ಸೇರಿದ ಈ ವ್ಯವಸ್ಥೆ ಡಿವೈಸ್‌ಗಳನ್ನು ತಾನೇ ಹುಡುಕಿ, ಎಕ್ಸ್‌ಟ್‌ಲಿನಕ್ಸ್, ಸ್ಕ್ರಿಪ್ಟ್, ಇಎಫ್ಐ ಎಲ್ಲವನ್ನೂ ಪ್ರಯತ್ನಿಸುತ್ತದೆ. 'ಬೂಟ್‌ಫ್ಲೋ ಸ್ಕ್ಯಾನ್ -ಎಲ್‌ಬಿ' ಒಂದೇ ಸಾಲು ಬೂಟ್‌ಸಿಎಂಡಿಗೆ ಸಾಲುತ್ತದೆ. ಯಾವ ಡಿವೈಸ್ ಮೊದಲು ಎನ್ನುವುದನ್ನು ಬೂಟ್_ಟಾರ್ಗೆಟ್ಸ್ ವೇರಿಯಬಲ್‌ನಲ್ಲಿ ಹೇಳಬಹುದು.

ಎರಡು ರೂಟ್ ಪಾರ್ಟಿಷನ್ ಇಟ್ಟು ಅದಲುಬದಲು ಮಾಡುವಂಥ ಉತ್ಪನ್ನಗಳಲ್ಲಿ ಕೈಬರಹದ ಸ್ಕ್ರಿಪ್ಟೇ ಹೆಚ್ಚು ಸ್ಪಷ್ಟ. ಬರೆಯುವುದಾದರೆ ಸಣ್ಣ ಸಣ್ಣ ವೇರಿಯಬಲ್‌ಗಳಾಗಿ ಒಡೆದು 'ರನ್' ಮೂಲಕ ಕರೆಯಿರಿ.

ಅಪ್‌ಡೇಟ್ ಕೆಟ್ಟರೆ ಬೋರ್ಡ್ ತಾನೇ ಹಿಂದಕ್ಕೆ ಮರಳುವಂತೆ ಮಾಡಲು ಏನು ಬೇಕು?

ಬೂಟ್‌ಕೌಂಟ್. ಪ್ರತಿ ಸಲ ಬೂಟ್ ಆದಾಗ ಯು-ಬೂಟ್ ಲೆಕ್ಕವನ್ನು ಒಂದು ಏರಿಸುತ್ತದೆ. ಲೆಕ್ಕ ಬೂಟ್‌ಲಿಮಿಟ್ ದಾಟಿದರೆ ಬೂಟ್‌ಸಿಎಂಡಿ ಬದಲು ಆಲ್ಟ್‌ಬೂಟ್‌ಸಿಎಂಡಿ ಓಡುತ್ತದೆ. ಎಲ್ಲ ಸರಿಯಾಗಿ ಎದ್ದ ಮೇಲೆ ಲೆಕ್ಕವನ್ನು ಸೊನ್ನೆ ಮಾಡುವ ಜವಾಬ್ದಾರಿ ಲಿನಕ್ಸ್ ಕಡೆಯದು. ಲೆಕ್ಕ ಎನ್ವಿರಾನ್ಮೆಂಟ್‌ನಲ್ಲಿ ಉಳಿಯುವ ವಿಧಾನದಲ್ಲಿ ಅಪ್‌ಗ್ರೇಡ್_ಅವೈಲಬಲ್ 1 ಇದ್ದರೆ ಮಾತ್ರ ಲೆಕ್ಕ ಬರೆಯಲಾಗುತ್ತದೆ. ಈ ಒಂದು ವಿಷಯ ಬಿಟ್ಟುಹೋಗಿ ಇಡೀ ವ್ಯವಸ್ಥೆ ಕೆಲಸ ಮಾಡದಿರುವುದು ಸಾಮಾನ್ಯ.

ಬೂಟ್‌ಡಿಲೇ -2 ಇಟ್ಟರೆ ಬೋರ್ಡ್ ಭದ್ರವಾಯಿತೇ?

ಇಲ್ಲ. ಬೂಟ್‌ಸಿಎಂಡಿ ಸೋತರೆ ಯು-ಬೂಟ್ ಪ್ರಾಂಪ್ಟ್‌ಗೇ ಬರುತ್ತದೆ. ಎಸ್‌ಡಿ ಕಾರ್ಡ್ ಕಿತ್ತರೂ ಸಾಕು. ಪ್ರಾಂಪ್ಟ್ ಸಿಕ್ಕವರು ಬೂಟ್‌ಆರ್ಗ್ಸ್‌ಗೆ ಒಂದು 'ಇನಿಟ್' (ಕರ್ನೆಲ್ ಮೊದಲು ಓಡಿಸಬೇಕಾದ ಪ್ರೋಗ್ರಾಮ್) ಸೇರಿಸಿ ಪಾಸ್‌ವರ್ಡ್ ಇಲ್ಲದೆ ರೂಟ್ ಶೆಲ್ ಪಡೆಯಬಹುದು. ಜೊತೆಗೆ, ಉಳಿಸಿದ ಎನ್ವಿರಾನ್ಮೆಂಟ್‌ನಲ್ಲಿ ಬೂಟ್‌ಡಿಲೇ ಇದ್ದರೆ ಅದೇ ನಡೆಯುತ್ತದೆ, ಬಿಲ್ಡ್‌ನ ಬೆಲೆ ಅಲ್ಲ.

ನಿಜವಾದ ಭದ್ರತೆ ಬೇಕಿದ್ದರೆ ಸಹಿ ಹಾಕಿದ ಫಿಟ್ ಇಮೇಜ್ (ಕರ್ನೆಲ್, ಡಿವೈಸ್ ಟ್ರೀ ಮುಂತಾದವು ಸೇರಿದ ಒಂದೇ ಫೈಲು) ಬಳಸಿ, ಎನ್ವಿರಾನ್ಮೆಂಟನ್ನು ಎಲ್ಲೂ ಉಳಿಸದಂತೆ ಬಿಲ್ಡ್ ಮಾಡಿ, ಅಥವಾ ಬರೆಯಬಹುದಾದ ವೇರಿಯಬಲ್‌ಗಳ ಪಟ್ಟಿಗೆ ಮಿತಿ ಹಾಕಿ.

ಹಳೆಯ ಬರಹಗಳಲ್ಲಿ ಹೆಡರ್ ಫೈಲು ತಿದ್ದಿ ಎಂದಿದೆ. ಆ ಫೈಲಿನಲ್ಲಿ ಈಗ ಏನೂ ಇಲ್ಲವಲ್ಲ?

2014ರ ತನಕ ಬೋರ್ಡ್ ಸೆಟ್ಟಿಂಗ್‌ಗಳು ಸಿ ಹೆಡರ್ ಫೈಲುಗಳಲ್ಲೇ ಇದ್ದವು. ಆ ವರ್ಷ ಕೆಕಾನ್ಫಿಗ್ ಬಂತು, ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಬಹುತೇಕ ಎಲ್ಲವೂ ಅಲ್ಲಿಗೆ ಸರಿದವು. ಈಗಿನ ದಾರಿ: ಮೆನುಕಾನ್ಫಿಗ್‌ನಲ್ಲಿ (ಕೆಕಾನ್ಫಿಗ್ ಆಯ್ಕೆಗಳ ಮೆನು) ಬದಲಿಸಿ, 'ಮೇಕ್ ಸೇವ್‌ಡೆಫ್‌ಕಾನ್ಫಿಗ್' ಕೊಡಿ, ಸಿಕ್ಕ ಫೈಲನ್ನು ಕಾನ್ಫಿಗ್ಸ್ ಫೋಲ್ಡರ್‌ಗೆ ಹಾಕಿ. ಮೆನುಕಾನ್ಫಿಗ್‌ನಲ್ಲಿ ಓರೆಗೆರೆ (/) ಒತ್ತಿದರೆ ಹೆಸರಿನಿಂದ ಹುಡುಕಬಹುದು.

ಸರಿ, ದಾಖಲೆಯನ್ನು ಎಲ್ಲಿ ಬರೆಯಬೇಕು?

ಸೆಟ್ಟಿಂಗ್ ಎಲ್ಲಿ ಬದಲಾಗುತ್ತದೋ ಅದಕ್ಕೆ ಆದಷ್ಟು ಹತ್ತಿರ. ಬೇರೆಲ್ಲೋ ಇರುವ ಪುಟವನ್ನು ಕೋಡ್ ಬದಲಿಸುವವರು ತೆರೆಯುವುದಿಲ್ಲ.

ಕೆಕಾನ್ಫಿಗ್ ಆಯ್ಕೆಗೆ ಅದರ 'ಹೆಲ್ಪ್' ಭಾಗವೇ ದಾಖಲೆ. ಮೆನುಕಾನ್ಫಿಗ್‌ನಲ್ಲಿ ಪ್ರಶ್ನೆ ಚಿಹ್ನೆ ಒತ್ತಿದವರಿಗೆ ಕಾಣುವುದು ಅದೇ.

ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಜಾಗ '.ಎನ್ವ್' ಫೈಲು. ಡೀಫಾಲ್ಟ್ ಎನ್ವಿರಾನ್ಮೆಂಟನ್ನು ಈಗ ಬೋರ್ಡ್ ಫೋಲ್ಡರ್‌ನಲ್ಲಿ ಸಾದಾ ಪಠ್ಯವಾಗಿ ಬರೆಯಬಹುದು. ಬಿಲ್ಡ್ ಆಗುವಾಗ ಅದು ಸಿ ಪ್ರಿಪ್ರೊಸೆಸರ್ ಮೂಲಕ ಹಾದುಹೋಗುವುದರಿಂದ ಸಿ ಭಾಷೆಯ ಟಿಪ್ಪಣಿ ಸೇರಿಸಬಹುದು. ಹೆಡರ್‌ನಲ್ಲಿ ಉದ್ದುದ್ದ ಸ್ಟ್ರಿಂಗ್ ಆಗಿ ಬರೆಯುತ್ತಿದ್ದ ಕಾಲದಲ್ಲಿ ಪ್ರತಿ ಸಾಲಿನ ಕೊನೆಯ ಹಿಮ್ಮುಖ ಓರೆಗೆರೆಗಳ ನಡುವೆ ಟಿಪ್ಪಣಿ ಬರೆಯುವುದೇ ಕಷ್ಟವಿತ್ತು. ಇನ್ನೂ ಹಾಗೇ ಇಟ್ಟುಕೊಂಡಿದ್ದರೆ ದಯವಿಟ್ಟು ಬದಲಿಸಿ.

ಬೋರ್ಡ್‌ನ ಒಟ್ಟು ಕಥೆ ಸೋರ್ಸ್‌ನ 'ಡಾಕ್' ಫೋಲ್ಡರ್‌ನೊಳಗಿನ 'ಬೋರ್ಡ್' ಫೋಲ್ಡರ್‌ಗೆ ಸೇರಬೇಕು: ಹೇಗೆ ಬಿಲ್ಡ್ ಮಾಡುವುದು, ಎಲ್ಲಿ ಬರೆಯುವುದು, ಜಂಪರ್ ಎಲ್ಲಿ, ಫ್ಲ್ಯಾಶ್ ನಕ್ಷೆ ಏನು. ಅದು ರಿಸ್ಟ್ರಕ್ಚರ್ಡ್‌ಟೆಕ್ಸ್ಟ್ ರೂಪದಲ್ಲಿರುತ್ತದೆ. 'ಮೇಕ್ ಎಚ್‌ಟಿಎಂಎಲ್‌ಡಾಕ್ಸ್' ಕೊಟ್ಟರೆ ಸ್ಫಿಂಕ್ಸ್ ಅದನ್ನು ಓದಲು ಚೆನ್ನಾದ ಪುಟಗಳಾಗಿ ಮಾಡಿಕೊಡುತ್ತದೆ.

ಒಂದು ಸೆಟ್ಟಿಂಗ್ ಬಗ್ಗೆ ಏನೇನು ಬರೆದರೆ ಸಾಕು?

ಹೆಸರನ್ನೇ ತಿರುಗಿಸಿ ಬರೆದರೆ ಸಾಲದು. "ಬೂಟ್‌ಲಿಮಿಟ್: ಬೂಟ್ ಮಿತಿಯನ್ನು ನಿಗದಿಪಡಿಸುತ್ತದೆ" ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ:

"ಬೂಟ್‌ಲಿಮಿಟ್: ದಶಮಾನ ಸಂಖ್ಯೆ, ನಮ್ಮ ಬೋರ್ಡ್‌ನಲ್ಲಿ 3. ಬೂಟ್‌ಕೌಂಟ್ ಇದನ್ನು ದಾಟಿದರೆ ಹಳೆಯ ಪಾರ್ಟಿಷನ್‌ನಿಂದ ಬೂಟ್ ಆಗುತ್ತದೆ. ಲೆಕ್ಕವನ್ನು ಸೊನ್ನೆ ಮಾಡುವುದು ಲಿನಕ್ಸ್‌ನ ಅಪ್‌ಡೇಟ್ ಸೇವೆ. ಆ ಸೇವೆ ಏಳುವ ಮೊದಲೇ ಬಳಕೆದಾರರು ಸ್ವಿಚ್ ಆರಿಸಿದರೂ ಲೆಕ್ಕ ಏರುತ್ತದೆ, ಹಾಗಾಗಿ 1 ಇಡಬೇಡಿ."

ಯಾರು ಬರೆಯುತ್ತಾರೆ, ಯಾರು ಓದುತ್ತಾರೆ, ಯಾವ ಮಾನ, ತಪ್ಪಿದರೆ ಏನಾಗುತ್ತದೆ, ಈ ಬೆಲೆಯೇ ಯಾಕೆ, ಎಲ್ಲವೂ ಅಲ್ಲಿವೆ. ಇವುಗಳಲ್ಲಿ ಕೊನೆಯದೇ ಬೆಲೆಬಾಳುವುದು. ಸೆಟ್ಟಿಂಗ್ ಏನು ಮಾಡುತ್ತದೆ ಎನ್ನುವುದನ್ನು ಕೋಡ್ ಓದಿ ತಿಳಿಯಬಹುದು. ಯಾಕೆ 3 ಎನ್ನುವುದು ಕೋಡ್‌ನಲ್ಲಿ ಎಲ್ಲೂ ಇರುವುದಿಲ್ಲ. ಅದನ್ನು ತೀರ್ಮಾನಿಸಿದವರು ಕೆಲಸ ಬಿಟ್ಟರೆ ಅದೂ ಅವರೊಂದಿಗೆ ಹೋಗುತ್ತದೆ.

ದಾಖಲೆ ಹಳೆಯದಾಗದಂತೆ ನೋಡಿಕೊಳ್ಳುವುದು ಹೇಗೆ?

ಬೆಲೆಗಳನ್ನು ದಾಖಲೆಗೆ ಕೈಯಿಂದ ನಕಲು ಮಾಡಬೇಡಿ, ಬಿಲ್ಡ್‌ನಿಂದ ತೆಗೆಯಿರಿ. ಯು-ಬೂಟ್‌ನಲ್ಲಿ 'ಯು-ಬೂಟ್-ಇನಿಷಿಯಲ್-ಎನ್ವ್' ಎಂಬ ಮೇಕ್ ಗುರಿ ಇದೆ. ಅದು ಡೀಫಾಲ್ಟ್ ಎನ್ವಿರಾನ್ಮೆಂಟನ್ನು ಪಠ್ಯ ಫೈಲಾಗಿ ಕೊಡುತ್ತದೆ. ಆ ಫೈಲನ್ನು ಪ್ರತಿ ಬಿಡುಗಡೆಯ ಜೊತೆ ಉಳಿಸಿ, ಹಿಂದಿನದರ ಜೊತೆ ಹೋಲಿಸಿ. ವ್ಯತ್ಯಾಸ ಕಂಡು ದಾಖಲೆಯಲ್ಲಿ ಬದಲಾವಣೆ ಇಲ್ಲದಿದ್ದರೆ ಆ ಪ್ಯಾಚ್ ಇನ್ನೂ ಮುಗಿದಿಲ್ಲ ಎಂದೇ ಲೆಕ್ಕ. ಸೆಟ್ಟಿಂಗ್ ಮತ್ತು ಅದರ ವಿವರ ಒಂದೇ ಪ್ಯಾಚ್‌ನಲ್ಲಿ ಬರಲಿ. ದಾಖಲೆಯನ್ನು ಆಮೇಲೆ ಕಳಿಸುತ್ತೇನೆ ಎಂದವರು ಕಳಿಸುವುದು ಅಪರೂಪ.

ಯಾರೋ ಮಾಡಿಟ್ಟ ಬೋರ್ಡ್ ಕೈಗೆ ಬಂದಿದೆ, ಯಾವ ದಾಖಲೆಯೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಏನನ್ನೂ ಬದಲಿಸುವ ಮೊದಲು ಸೀರಿಯಲ್ ಕನ್ಸೋಲ್‌ನ ಲಾಗ್ ತೆರೆದು ಒಂದು ಪೂರ್ಣ ಬೂಟ್ ಹಿಡಿದಿಟ್ಟುಕೊಳ್ಳಿ. ಪ್ರಾಂಪ್ಟ್‌ನಲ್ಲಿ ವರ್ಷನ್, ಬಿಡಿಇನ್ಫೋ, ಪ್ರಿಂಟ್‌ಎನ್ವ್ ಕೊಡಿ. 'ಎನ್ವ್ ಇನ್ಫೋ' ಇದ್ದರೆ ಈಗ ಓಡುತ್ತಿರುವುದು ಡೀಫಾಲ್ಟೋ ಉಳಿಸಿದ್ದೋ ಎಂದು ಹೇಳುತ್ತದೆ. ಬಿಲ್ಡ್ ಮಾಡಿದವರು 'ಕಾನ್ಫಿಗ್' ಆಜ್ಞೆ ಸೇರಿಸಿದ್ದರೆ ಅದೃಷ್ಟ, ಇಡೀ ಕೆಕಾನ್ಫಿಗ್ ಆಯ್ಕೆಗಳು ಪರದೆಗೆ ಬರುತ್ತವೆ. ಆಮೇಲೆ ಇಡೀ ಫ್ಲ್ಯಾಶ್‌ನ ಒಂದು ಪ್ರತಿ ತೆಗೆದಿಡಿ.

ಆ ಪ್ರತಿಯಲ್ಲಿ 'ಸ್ಟ್ರಿಂಗ್ಸ್' (ಬೈನರಿಯಿಂದ ಪಠ್ಯವನ್ನು ಹೆಕ್ಕುವ ಆಜ್ಞೆ) ಓಡಿಸಿ 'ಬೂಟ್‌ಸಿಎಂಡಿ=' ಎಂದು ಹುಡುಕಿ. ಬೈನರಿಯೊಳಗಿನ ಡೀಫಾಲ್ಟ್ ಒಂದು ಕಡೆ, ಉಳಿಸಿದ್ದು ಇನ್ನೊಂದು ಕಡೆ ಸಿಗುತ್ತದೆ. ಎರಡನ್ನೂ ಸಾಲು ಸಾಲಾಗಿ ಹೋಲಿಸಿ. ವ್ಯತ್ಯಾಸ ಇರುವ ಸಾಲುಗಳು ಹೆಚ್ಚಾಗಿ ಹಿಂದಿನವರು ಆ ಬೋರ್ಡ್ ಮೇಲೆ ಕೈಯಿಂದ ಮಾಡಿದ ಬದಲಾವಣೆಗಳು. ನಿಮ್ಮ ಹೊಸ ದಾಖಲೆಯ ಮೊದಲ ಪುಟಕ್ಕೆ ಆ ಪಟ್ಟಿಯನ್ನೇ ಹಾಕಿ, ಒಂದೊಂದರ ಮುಂದೆ "ಯಾಕೆ?" ಎಂದು ಜಾಗ ಬಿಡಿ, ಉತ್ತರ ಸಿಕ್ಕ ಹಾಗೆ ತುಂಬುತ್ತಾ ಹೋಗಿ.